ಕರೆಂಟು ಹೋದರೂ ಉಳಿಯಬೇಕಾದ ಲೆಕ್ಕ

ಅರಸೀಕೆರೆ ಕಡೆ ತೆಂಗಿನ ತೋಟ ಇರುವವರ ಮನೆಯಲ್ಲಿ ಬೇಸಿಗೆಯ ಮಾತೆಲ್ಲ ಬೋರ್‌ವೆಲ್ಲಿನದೇ. ಹೋದ ವರ್ಷ ನಮ್ಮ ಬೋರಿನಲ್ಲಿ ನೀರು ಕಡಿಮೆಯಾಗ್ತಿದೆ ಅಂತ ಅಪ್ಪನಿಗೆ ಅನುಮಾನ ಬಂತು. ಇನ್ನೊಂದು ಕೊರೆಸೋದಾದರೆ ಸಾಲ ಮಾಡಬೇಕು. "ಮೊದಲು ಅಳೆದು ನೋಡೋಣ" ಅಂದೆ. ಸಣ್ಣ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯೋದೇ ನನ್ನ ಕೆಲಸ. ಪೈಪಿಗೆ ನೀರಿನ ಮೀಟರ್ ಜೋಡಿಸಿ, ಒಂದು ಪುಟ್ಟ ಬೋರ್ಡು, ಬ್ಯಾಟರಿ ಇಟ್ಟು ಪಂಪ್‌ಹೌಸಿನಲ್ಲಿ ಕೂರಿಸಿದೆ. ದಿನಕ್ಕೊಂದು ಸಾಲು: ಮೋಟರು ಎಷ್ಟು ಹೊತ್ತು ಓಡಿತು, ಎಷ್ಟು ನೀರು ಬಂತು. ಆ ಸಾಲನ್ನು ನಿಮಿಷಕ್ಕೊಮ್ಮೆ ತಿದ್ದಿ ಬರೆಯಬೇಕು.

ಎಲ್ಲಿ ಬರೆಯೋದು? ಬೋರ್ಡಿನಲ್ಲಿ ಎರಡು ಜಾಗ. ಫ್ಲ್ಯಾಶ್‌ನಲ್ಲಿ ಬರೆದದ್ದು ಕರೆಂಟು ಹೋದರೂ ಉಳಿಯುತ್ತೆ. ಆದರೆ ಅಳಿಸಿ ಬರೆಯೋದಕ್ಕೆ ಮಿತಿ ಇದೆ. ನನ್ನ ಚಿಪ್ಪಿನಲ್ಲಿ ಒಂದು ಜಾಗಕ್ಕೆ ಸುಮಾರು 1 ಲಕ್ಷ ಸಲ. ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 1,440 ಸಲ. ಒಂದೇ ಜಾಗದಲ್ಲಿ ಬರೆಯುತ್ತಾ ಹೋದರೆ 70 ದಿನಕ್ಕೆ ಅದರ ಆಯಸ್ಸು ಮುಗೀತು. ರ‍್ಯಾಮಿಗೆ ಆ ಮಿತಿ ಇಲ್ಲ. ಆದರೆ ಕರೆಂಟು ಹೋದರೆ ಎಲ್ಲ ಖಾಲಿ.

ನಾನು ರ‍್ಯಾಮ್‌ಡಿಸ್ಕ್ ಮಾಡಿದೆ. ರ‍್ಯಾಮಿನಲ್ಲಿ 64 ಕೆಬಿ ತೆಗೆದಿಟ್ಟು, ಇದೂ ಒಂದು ಡಿಸ್ಕು ಅಂತ ಆಪರೇಟಿಂಗ್ ಸಿಸ್ಟಮ್ಮನ್ನು ನಂಬಿಸೋದು. ಹಾಗೆ ನಂಬಿಸುವ ಪುಟ್ಟ ಪ್ರೋಗ್ರಾಮೇ ಡ್ರೈವರ್. 512 ಬೈಟಿನ 128 ಸೆಕ್ಟರುಗಳು. "7ನೇ ಸೆಕ್ಟರ್ ಕೊಡು" ಅಂತ ಕೇಳಿದರೆ 7ನ್ನು 512ರಿಂದ ಗುಣಿಸಿ, ಡಿಸ್ಕು ಶುರುವಾಗುವ ವಿಳಾಸಕ್ಕೆ ಕೂಡಿಸಿ, ಅಲ್ಲಿರೋದನ್ನು ನಕಲು ಮಾಡಿ ಕೊಟ್ಟರಾಯಿತು. ಲೆಕ್ಕ 0ಯಿಂದ ಶುರು, ಹಾಗಾಗಿ 128ನೇದು ಕೇಳಿದರೆ ಇಲ್ಲ ಅನ್ನಬೇಕು. ಇಲ್ಲವಾದರೆ ಪಕ್ಕದ ಮೆಮೊರಿಯನ್ನೇ ಹಾಳು ಮಾಡುತ್ತೆ. ಇದೆಲ್ಲ ಟೇಬಲ್ ಮೇಲೆ ಪರೀಕ್ಷೆ ಮಾಡಿದ್ದೆ. ಕರೆಂಟು ಪೂರ್ತಿ ತೆಗೆದು ಮಾತ್ರ ನೋಡಲಿಲ್ಲ. ಬ್ಯಾಟರಿ ಇದೆಯಲ್ಲ!

ಮೇ ತಿಂಗಳ ಒಂದು ರಾತ್ರಿ ಗಾಳಿಮಳೆಗೆ ಕಂಬ ಬಿತ್ತು. ಎರಡು ದಿನ ಕರೆಂಟಿಲ್ಲ, ಬ್ಯಾಟರಿಯೂ ಖಾಲಿ. ಕರೆಂಟು ಬಂದಾಗ ಬೋರ್ಡು ಡಿಸ್ಕನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿಕೊಂಡು ಮೊದಲಿನಿಂದ ಎಣಿಸುತ್ತಾ ಕೂತಿತ್ತು. 47 ದಿನದ ಲೆಕ್ಕ ಹೋಯಿತು.

ಅಪ್ಪನಿಗೆ ಹೇಳೋಕೆ ನಾಚಿಕೆಯಾಯಿತು. ಅವರು ಬೈಯಲಿಲ್ಲ. "ತೊಟ್ಟಿ ತುಂಬೋಕೆ ಎಷ್ಟು ಹೊತ್ತಾಯ್ತು ಅಂತ ಕ್ಯಾಲೆಂಡರಲ್ಲಿ ಬರ್ದಿದೀನಿ ಕಣೋ" ಅಂದರು. ನೋಡಿದರೆ ನೀರು ಇಳಿದಿದ್ದು ನಿಜ, ನಿಲ್ಲುವಷ್ಟಲ್ಲ. ಮಳೆಗಾಲ ಕಳೆಯಲಿ ಅಂತ ಸಾಲದ ಮಾತು ಬಿಟ್ಟೆವು.

ಆ ವಾರ ಹಳೇಬೀಡು, ಬೇಲೂರಿಗೆ ಹೋಗಿಬಂದೆವು. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದು. ಬಳ್ಳಿಗಾವೆಯ ದಾಸೋಜ ಕೆತ್ತಿದ ಹೆಸರು ಇವತ್ತಿಗೂ ಅಲ್ಲಿದೆ. "ನಾನೂ ಕಲ್ಲಲ್ಲೇ ಬರೀಬೇಕಿತ್ತು" ಅಂದೆ. ಅಪ್ಪ ನಕ್ಕರು: "ದಿನದ ಲೆಕ್ಕನ ಯಾರಾದ್ರೂ ಕಲ್ಲಲ್ಲಿ ಕೆತ್ತುತಾರಾ? ಸ್ಲೇಟಲ್ಲಿ ಬರ್ಕೊಂಡು ಆಮೇಲೆ ಪುಸ್ತಕಕ್ಕೆ ಇಳಿಸ್ತಾರೆ."

ಈಗ ಹಾಗೇ ಮಾಡಿದ್ದೇನೆ. ನಿಮಿಷಕ್ಕೊಮ್ಮೆ ರ‍್ಯಾಮ್‌ಡಿಸ್ಕಿಗೆ, ಗಂಟೆಗೊಮ್ಮೆ ಫ್ಲ್ಯಾಶಿಗೆ. ಫ್ಲ್ಯಾಶಿನಲ್ಲಿ ಎರಡು ಪ್ರತಿ. ಒಂದು ಸಲ ಇದು, ಇನ್ನೊಂದು ಸಲ ಅದು. ಬರೆಯುವ ಮಧ್ಯೆ ಕರೆಂಟು ಹೋದರೂ ಹಿಂದಿನದು ಉಳಿದಿರುತ್ತೆ. ದಿನಕ್ಕೆ 24 ಸಲವಾದರೆ ಒಂದೇ ಜಾಗವೂ 11 ವರ್ಷ ತಡೆಯುತ್ತೆ, ಇಲ್ಲಿ ಎರಡಿವೆ. ಹೋದರೆ ಒಂದು ಗಂಟೆಯ ಲೆಕ್ಕ ಹೋಗಬಹುದು, ಅಷ್ಟೆ.

ನಿಮ್ಮ ಮನೆಗೋ ತೋಟಕ್ಕೋ ಇಂಥ ಯಂತ್ರ ತಂದರೆ, ಮೊದಲ ದಿನವೇ ಕರೆಂಟು, ಬ್ಯಾಟರಿ ಎರಡೂ ತೆಗೆದು ನೋಡಿ. ಅಪ್ಪ ಕ್ಯಾಲೆಂಡರಲ್ಲಿ ಬರೆಯೋದನ್ನು ಇನ್ನೂ ನಿಲ್ಲಿಸಿಲ್ಲ. ನಿಲ್ಲಿಸಿ ಅಂತ ನಾನೂ ಹೇಳಿಲ್ಲ.