ಒಂದು ಸಾಲಿನ ಚಟಾಕಿ

‘ನಮ್ಮೂರ ರಸ್ತೆಯ ಗುಂಡಿ ಮುಚ್ಚುವ ಕೆಲಸವನ್ನು ಪಂಚಾಯಿತಿಯವರು ಭರದಿಂದ ಮುಂದೂಡುತ್ತಿದ್ದಾರೆ.’

ಇದನ್ನು ಕೇಳಿದವರಿಗೆ ನಗು ಬರುವುದು ಕೊನೆಯ ಪದ ಕಿವಿಗೆ ಬಿದ್ದ ಮೇಲೆ. ‘ಭರದಿಂದ’ ಎಂದೊಡನೆ ಮನಸ್ಸು ‘ನಡೆಸುತ್ತಿದ್ದಾರೆ’ ಎಂಬುದಕ್ಕೆ ಅಣಿಯಾಗಿರುತ್ತದೆ, ಬರುವುದು ಬೇರೆಯೇ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುವುದರಿಂದ, ಕೇಳುವವರನ್ನು ಅಲ್ಲಿಯವರೆಗೂ ಕಾಯಿಸುವ ಅನುಕೂಲ ಭಾಷೆಯ ಕಟ್ಟಿನಲ್ಲೇ ಇದೆ. ಹರಟೆಕಟ್ಟೆಯ ಮಾತುಗಾರರು ವ್ಯಾಕರಣ ಓದದೆಯೂ ಇದನ್ನು ಬಲ್ಲರು.

ಇನ್ನೊಂದು ಬಗೆ ಶ್ಲೇಷೆಯದು. ‘ಮತ ಕೇಳಲು ಬಂದವರು ಮೊದಲು ನನ್ನ ಮತ ಯಾವುದೆಂದು ಕೇಳಿದರು.’ ಇಲ್ಲಿ ಯಾರನ್ನೂ ದೂರಿಲ್ಲ. ದೂರು ಹುಟ್ಟುವುದು ಕೇಳಿದವರ ತಲೆಯಲ್ಲಿ. ಅರ್ಧ ಆಡಿ ಅರ್ಧ ಬಿಟ್ಟಾಗ ಉಳಿದದ್ದನ್ನು ಕೇಳುಗರೇ ತುಂಬಿಕೊಳ್ಳುತ್ತಾರೆ. ಚಟಾಕಿಯನ್ನು ಬಿಡಿಸಿ ಹೇಳಿದರೆ ಸಪ್ಪೆಯಾಗುವುದು ಅದಕ್ಕೇ.

ಈ ಗುಟ್ಟನ್ನು ಚೆನ್ನಾಗಿ ಬಳಸಿಕೊಂಡವರು ನಮ್ಮ ಪತ್ರಕರ್ತರು. ವೃತ್ತಿಯಿಂದ ವೈದ್ಯರಾಗಿದ್ದ ರಾಶಿ (ಡಾ. ಎಂ. ಶಿವರಾಂ) 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನೇ ಆರಂಭಿಸಿದರು. ಹಾಸ್ಯಲೇಖಕ ಬೀಚಿಯವರ ಪಾತ್ರ ತಿಮ್ಮ, ಪತ್ರಕರ್ತ ವೈಎನ್ಕೆಯವರ ಪದಚಮತ್ಕಾರ ಓದುಗರ ಬಾಯಲ್ಲಿ ಓಡಾಡಿದವು. ‘ಪ್ರಜಾವಾಣಿ’ಯಲ್ಲಿ ಟಿಯೆಸ್ಸಾರ್ (ಟಿ.ಎಸ್. ರಾಮಚಂದ್ರರಾವ್) ಬರೆಯುತ್ತಿದ್ದ ‘ಛೂಬಾಣ’ ಅಂಕಣವಂತೂ ಅಂದಂದಿನ ಸುದ್ದಿಗೆ ಚುಟುಕಾಗಿ ಕುಟುಕುತ್ತಿತ್ತು. ಸುದ್ದಿ ಓದುಗರಿಗೆ ಮೊದಲೇ ಗೊತ್ತಿರುವುದರಿಂದ ಇಂಥ ಬರಹಕ್ಕೆ ಪೀಠಿಕೆ ಬೇಡ. ಆದರೆ ಸುದ್ದಿ ಮರೆತುಹೋದ ಮೇಲೆ ಅದೇ ಸಾಲಿಗೆ ಟಿಪ್ಪಣಿ ಬೇಕಾಗುತ್ತದೆ. ನಾಳೆಗೆ ಉಳಿಯದಿದ್ದರೂ ಇಂದು ತಾಗಬೇಕು ಎಂದು ದಿನವೂ ಬರೆಯುವುದಕ್ಕೆ ದೊಡ್ಡ ಮನಸ್ಸೇ ಬೇಕು.

ಬರವಣಿಗೆಗೆ ಯೋಚಿಸಲು ಸಮಯವಾದರೂ ಸಿಗುತ್ತದೆ. ಯಕ್ಷಗಾನದ ಮಾತಿನ ರೂಪವಾದ, ಕರಾವಳಿ, ಮಲೆನಾಡಿನ ತಾಳಮದ್ದಳೆಯಲ್ಲಿ ಅದೂ ಇಲ್ಲ. ವೇಷವಿಲ್ಲ, ಕುಣಿತವಿಲ್ಲ. ಹಾಡುವ ಭಾಗವತರ ಪದ್ಯ ಮುಗಿದೊಡನೆ ಪಾತ್ರ ವಹಿಸಿದ ಅರ್ಥಧಾರಿಗಳು ಕುಳಿತಲ್ಲೇ ಮಾತು ಹೊಸೆಯಬೇಕು. ಎದುರಿನವರು ಆಡಿದ ಪದವನ್ನೇ ಹಿಡಿದು ಅವರಿಗೇ ತಿರುಗಿಸಬೇಕು. ಹಾಗೆ ಮಾಡುವಾಗಲೂ ಕರ್ಣ ಕರ್ಣನಾಗಿಯೇ, ವಾಲಿ ವಾಲಿಯಾಗಿಯೇ ಇರಬೇಕು. ಶೇಣಿ ಗೋಪಾಲಕೃಷ್ಣ ಭಟ್ಟ, ಮಲ್ಪೆ ರಾಮದಾಸ ಸಾಮಗರಂಥವರ ಕೂಟಗಳಿಗೆ ಜನ ಸೇರುತ್ತಿದ್ದುದು ಕಥೆ ತಿಳಿಯಲೆಂದಲ್ಲ. ಕಥೆ ಎಲ್ಲರಿಗೂ ಗೊತ್ತು. ಇವತ್ತು ಯಾವ ಮಾತಿಗೆ ಯಾವ ಮಾತು ಎದುರಾಗುತ್ತದೆ ಎಂಬುದೇ ಕುತೂಹಲ. ಕನ್ನಡದಲ್ಲಿ ಮಾತಿನ ಚುರುಕಿಗೆ ಇದಕ್ಕಿಂತ ಕಠಿಣವಾದ ಒರೆಗಲ್ಲು ಇನ್ನೊಂದಿಲ್ಲವೆಂದೇ ನನ್ನ ನಂಬಿಕೆ.

ಈಗ ಚಟಾಕಿಗಳು ಹೆಚ್ಚಾಗಿ ಹಾರುವುದು ಟಿವಿಯ ಹಾಸ್ಯ ಕಾರ್ಯಕ್ರಮಗಳಲ್ಲಿ, ಸಿನಿಮಾದ ಪಂಚ್ ಡೈಲಾಗುಗಳಲ್ಲಿ, ವಾಟ್ಸಾಪ್‌ನಲ್ಲಿ. ಒಳ್ಳೆಯವು ಇಲ್ಲವೆಂದಲ್ಲ. ಆದರೆ ಹೆಂಡತಿ, ಕಪ್ಪು ಬಣ್ಣ, ದಪ್ಪ ಮೈ, ತೊದಲು ನಾಲಗೆ ಇವನ್ನೇ ಗುರಿ ಮಾಡಿದ ಸಾಲುಗಳು ಎಷ್ಟೊಂದು! ಅಲ್ಲಿ ಕೇಳುಗರು ತುಂಬಿಕೊಳ್ಳಬೇಕಾದದ್ದೇನೂ ಇರುವುದಿಲ್ಲ. ತಿರುಗಿ ಮಾತಾಡಲಾರದವರನ್ನು ನೋಯಿಸಿದ್ದಷ್ಟೇ ಬಂತು. ಮಂಗಳೂರು ಕಡೆಯ ಕನ್ನಡವನ್ನು ಬರೀ ಅಣಕಿಸಿ ನಗೆ ಗಿಟ್ಟಿಸುವವರಿಗೂ ಇದೇ ಮಾತು. ಅವರು ಒಮ್ಮೆ ಆ ಊರುಗಳ ತಾಳಮದ್ದಳೆಗೆ ಹೋಗಿ, ಅದೇ ಕನ್ನಡ ಎಷ್ಟು ಹರಿತವೆಂದು ಕೂತು ಕೇಳಬೇಕು.