ಮರವಾಗುವ ಹೆಣ್ಣು

ಶಾಲೆಯ ಪರೀಕ್ಷೆಗಳು ಮುಗಿದೊಡನೆ ಯಲಹಂಕ, ಹೆಬ್ಬಾಳ, ಆರ್. ಟಿ. ನಗರಗಳ ಮನೆಗಳಲ್ಲಿ ಹದಿನಾಲ್ಕು ಹದಿನೈದರ ಹರೆಯದ ಮಕ್ಕಳು ಕೈಗೆತ್ತಿಕೊಳ್ಳುವ ಪುಸ್ತಕಗಳಲ್ಲಿ ಈಗ ಜಪಾನಿನ ಅದ್ಭುತ ಕಥೆಗಳಿಗೂ ಒಂದು ಪಾಲುಂಟು. ಹೆಣ್ಣಿನ ರೂಪ ತಳೆಯುವ ನರಿ, ಹೊಳೆಯಲ್ಲಿ ಅಡಗಿ ಕುಳಿತಿರುವ ಕಪ್ಪ, ಮರದಲ್ಲಿ ನೆಲಸಿದ ಜೀವ, ಇವರೆಲ್ಲ ಆ ಮಕ್ಕಳಿಗೆ ನೆರೆಮನೆಯವರಷ್ಟು ಪರಿಚಿತರು. ಹೆತ್ತವರಿಗೆ ಇದೊಂದು ಪರದೇಶದ ಗೀಳಾಗಿ ತೋರಬಹುದು. ಆದರೆ ಅದೇ ಮನೆಯ ಅಜ್ಜಿಗೆ ಇವುಗಳಲ್ಲೊಂದನ್ನು ಓದಿ ಹೇಳಿದರೆ, ‘ಇಂಥದೇ ಕಥೆ ನಮ್ಮಲ್ಲೂ ಇದೆಯಲ್ಲ, ಮಗು!’ ಎಂದು ಆಕೆ ಹೇಳಿಯಾರು.

ಅಯೊಯಾಗಿಯ ಕಥೆ ಅಂಥದು. ತೊಮೊತದ ಎಂಬ ತರುಣ ಯೋಧನು ಒಡೆಯನ ಕಾರ್ಯಾರ್ಥವಾಗಿ ಹೊರಟವನು ಹಿಮದ ಬಿರುಗಾಳಿಗೆ ಸಿಕ್ಕಿ, ವಿಲೋ ಮರಗಳ ಬಳಿಯಿದ್ದ ಗುಡಿಸಲೊಂದರಲ್ಲಿ ಆಶ್ರಯ ಪಡೆಯುತ್ತಾನೆ. ಅಲ್ಲಿದ್ದ ವೃದ್ಧ ದಂಪತಿಗಳ ಮಗಳೇ ಅಯೊಯಾಗಿ. ಅವಳು ಅವನ ಮಡದಿಯಾಗುತ್ತಾಳೆ. ಐದು ವರ್ಷಗಳ ಸುಖಸಂಸಾರದ ಬಳಿಕ ಒಂದು ದಿನ, ಮಾತನಾಡುತ್ತಿದ್ದಂತೆಯೇ ಅವಳು ನೋವಿನಿಂದ ಚೀರುತ್ತಾಳೆ. ತಾನು ಮನುಷ್ಯಳಲ್ಲ, ಮರದ ಜೀವ. ಈ ಗಳಿಗೆಯಲ್ಲಿ ಯಾರೋ ತನ್ನ ಮರವನ್ನು ಕಡಿಯುತ್ತಿದ್ದಾರೆ ಎಂದು ನುಡಿದು ಕುಸಿಯುತ್ತಾಳೆ. ನೆಲದ ಮೇಲೆ ಉಳಿದದ್ದು ಅವಳ ಉಡುಗೆತೊಡುಗೆ ಮಾತ್ರ. ಮುಂದೆ ಸಂನ್ಯಾಸಿಯಾದ ತೊಮೊತದ ಆ ಗುಡಿಸಲನ್ನು ಹುಡುಕುತ್ತ ಬಂದಾಗ ಅಲ್ಲಿ ಕಂಡದ್ದು ಮೂರು ಮರಗಳ ಮೋಟುಗಳು.

ಈ ಕಥೆಯನ್ನು ಲೋಕಕ್ಕೆ ಪರಿಚಯಿಸಿದವನು ಲಾಫ್ಕಾಡಿಯೊ ಹರ್ನ್. ಗ್ರೀಸಿನಲ್ಲಿ ಹುಟ್ಟಿದ ಈತ ೧೮೯೦ರಲ್ಲಿ ಜಪಾನಿಗೆ ಬಂದು, ಅಲ್ಲಿಯ ಹೆಣ್ಣನ್ನೇ ಮದುವೆಯಾಗಿ, ಕೊಯ್ಜುಮಿ ಯಾಕುಮೊ ಎಂಬ ಹೆಸರನ್ನು ತಳೆದನು. ಆತನ ‘ಕ್ವೈದಾನ್’ ೧೯೦೪ರಲ್ಲಿ ಪ್ರಕಟವಾಯಿತು.

ಇನ್ನು ಕನ್ನಡ ನಾಡಿನ ಕಥೆ. ಬಡತಾಯಿಯ ಕಿರಿಯ ಮಗಳು ಒಂದು ಕೊಡ ನೀರು ಸುರಿಸಿಕೊಂಡರೆ ಹೂಬಿಟ್ಟ ಮರವಾಗುತ್ತಾಳೆ. ಇನ್ನೊಂದು ಕೊಡ ನೀರು ಸುರಿದರೆ ಮತ್ತೆ ಹುಡುಗಿ. ಅಕ್ಕ ಹೂ ಕೊಯ್ಯುವಾಗ ಎಲೆ ಮುರಿಯಬಾರದು, ಕೊಂಬೆ ನೋಯಬಾರದು. ಆ ಹೂವಿನ ಜಾಡು ಹಿಡಿದ ಅರಸುಮಗ ಅವಳ ಕೈಹಿಡಿಯುತ್ತಾನೆ. ಆದರೆ ನಾದಿನಿ ಹಟಮಾಡಿ ಅವಳನ್ನು ಮರವಾಗಿಸಿ, ಗೆಳತಿಯರೊಡನೆ ಕೊಂಬೆಗಳನ್ನು ಮುರಿದು, ನೀರನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ಹೊರಟುಹೋಗುತ್ತಾಳೆ. ಬಡಪಾಯಿ ಹುಡುಗಿ ಕೈಕಾಲಿಲ್ಲದ ಅರೆದೇಹವಾಗಿ ಉಳಿಯುತ್ತಾಳೆ. ಬಹುಕಾಲ ಅಲೆದ ಗಂಡ ಕೊನೆಗೆ ಅವಳನ್ನು ಗುರುತಿಸಿ, ನೀರೆರೆದು ಮರವಾಗಿಸಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಸರಿಪಡಿಸಿ, ಮತ್ತೆ ನೀರೆರೆದಾಗ ಅವಳು ಪೂರ್ಣದೇಹ ಪಡೆಯುತ್ತಾಳೆ.

ಜಪಾನಿನ ಕಥೆ ಮೋಟುಗಳಲ್ಲಿ ಮುಗಿಯುತ್ತದೆ. ಕನ್ನಡದ ಕಥೆ ಮುರಿದದ್ದನ್ನು ಕೂಡಿಸುವ ಕೈಗಳಲ್ಲಿ. ಎರಡೂ ಹೇಳುವ ಮಾತು ಒಂದೇ: ಮರಕ್ಕೆ ಆದ ನೋವು ಮನೆಯ ಹೆಣ್ಣುಮಗಳಿಗೆ ಆದ ನೋವು.

ನಮ್ಮ ಹೆಂಗಸರು ಹೇಳುತ್ತಿದ್ದ ಈ ಕಥೆಯನ್ನು ಇಂಗ್ಲಿಷಿಗೆ ತಂದವರು ೧೯೨೯ರಲ್ಲಿ ಮೈಸೂರಿನಲ್ಲಿ ಜನಿಸಿದ ಎ. ಕೆ. ರಾಮಾನುಜನ್. ಗಿರೀಶ ಕಾರ್ನಾಡರು ೧೯೯೨ರಲ್ಲಿ ಇದನ್ನೇ ‘ಚೆಲುವಿ’ ಎಂಬ ಹಿಂದಿ ಚಿತ್ರವಾಗಿಸಿದರು. ರಾಮಾನುಜನ್ನರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, ೧೯೯೭ರಲ್ಲಿ, ಈ ಕಥೆಯ ಹೆಸರನ್ನೇ ಹೊತ್ತ ಅವರ ಸಂಕಲನ ಹೊರಬಂದಿತು. ೨೦೦೬ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಇದನ್ನು ಗೀತನಾಟಕವಾಗಿಸಿ ವಿಯೆನ್ನಾದಲ್ಲಿ ಆಡಿಸಿದರು. ವಿಯೆನ್ನಾದವರೆಗೆ ನಡೆದ ಹುಡುಗಿ ಹೆಬ್ಬಾಳದ ನಮ್ಮ ಮಕ್ಕಳ ಕೋಣೆಯನ್ನು ಮಾತ್ರ ಇನ್ನೂ ಹೊಕ್ಕಿಲ್ಲವೆಂದರೆ ಅದು ಯಾರ ತಪ್ಪು?

ಜಪಾನೀಯರು ಹಳೆಯ ಕಥೆಗಳನ್ನು ಸಂಗ್ರಹಿಸಿಟ್ಟು ಸುಮ್ಮನಾಗಲಿಲ್ಲ. ಪ್ರತಿ ತಲೆಮಾರಿನ ಎಳೆಯರಿಗೂ ಹೊಸದಾಗಿ ಬರೆದುಕೊಟ್ಟರು. ಮಾನವಶಾಸ್ತ್ರದ ವಿದುಷಿ ನಾಹೋಕೊ ಉಎಹಾಶಿಯವರು ೧೯೯೬ರಲ್ಲಿ ಆರಂಭಿಸಿದ ‘ಮೊರಿಬಿತೊ’ ಮಾಲೆಯಲ್ಲಿ ಈಟಿ ಹಿಡಿದ ಬಾಲ್ಸಾ ಎಂಬ ವೀರಸ್ತ್ರೀ, ಜಲದೇವತೆಯ ಮೊಟ್ಟೆಯನ್ನು ಒಡಲಲ್ಲಿ ಹೊತ್ತ ರಾಜಕುಮಾರನನ್ನು ಕಾಪಾಡುತ್ತಾಳೆ. ಮೊಟ್ಟೆ ಒಡೆದು ಜೀವ ಹೊರಬಾರದಿದ್ದರೆ ನಾಡಿಗೆ ಬರಗಾಲ. ಅರಮನೆಯ ಚರಿತ್ರೆ ಮರೆಸಿದ ಸತ್ಯವು ಮೂಲನಿವಾಸಿಗಳ ಕಥೆಯಲ್ಲಿ ಉಳಿದಿರುತ್ತದೆ. ಅದೇ ದಾರಿ ತೋರುತ್ತದೆ. ಉಎಹಾಶಿಯವರಿಗೆ ೨೦೧೪ರಲ್ಲಿ ಮಕ್ಕಳ ಸಾಹಿತ್ಯದ ಹ್ಯಾನ್ಸ್ ಆಂಡರ್ಸನ್ ಪ್ರಶಸ್ತಿ ಸಂದಿತು. ಕನ್ನಡದಲ್ಲಿಯೋ, ಮಕ್ಕಳ ಕಥೆಗೂ ದೊಡ್ಡವರ ಕಾದಂಬರಿಗೂ ನಡುವಿನ ಈ ಮೆಟ್ಟಿಲು ಇನ್ನೂ ಕಿರಿದಾಗಿಯೇ ಇದೆ.

ಇಂಥ ಕಥೆಗಳಿಂದ ಏನು ಪ್ರಯೋಜನವೆಂದು ಕೇಳುವವರು ೨೦೧೬ರ ಅಕ್ಟೋಬರ್ ೧೬ನೆಯ ಭಾನುವಾರವನ್ನು ನೆನೆಯಬಹುದು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು ೮೧೨ ಮರಗಳನ್ನು ಕಡಿಯಬೇಕಾಗುವುದೆಂದು ತಿಳಿದಾಗ, ಬೆಂಗಳೂರಿನ ಸಹಸ್ರಾರು ಜನ ಅಂದು ರಸ್ತೆಯ ಬದಿಯಲ್ಲಿ ಕೈಕೈ ಹಿಡಿದು ನಿಂತರು. ಅವರ ಆಕ್ಷೇಪಣೆಗಳು ಹಲವಿದ್ದರೂ ಮರಗಳ ಅಳಲು ಅವುಗಳಲ್ಲಿ ಮುಖ್ಯವಾಗಿತ್ತು. ೨೦೧೭ರ ಮಾರ್ಚಿಯಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು.

ಊರು ಬೆಳೆಯುತ್ತಿರುವಾಗ ಮರಕ್ಕೆ ಕೊಡಲಿ ಬೀಳುವ ದಿನ ಮತ್ತೆಯೂ ಬಂದೀತು. ಆ ದಿನ ನಿರ್ಧಾರ ಕೈಗೊಳ್ಳುವವರು ಇಂದಿನ ಹದಿಹರೆಯದವರೇ. ಆದುದರಿಂದ ಮಗಳು ಜಪಾನಿನ ಪುಸ್ತಕ ಹಿಡಿದು ಕುಳಿತರೆ ಅದನ್ನು ಕಸಿದುಕೊಳ್ಳುವ ಅಗತ್ಯವಿಲ್ಲ. ಓದಿ ಮುಗಿಸಲಿ. ಆಮೇಲೆ ರಾತ್ರಿಯ ಊಟವಾದ ಬಳಿಕ ಅಜ್ಜಿಯ ಪಕ್ಕದಲ್ಲಿ ಕೂರಿಸಿ, ಎರಡು ಕೊಡ ನೀರಿನ ಕಥೆಯನ್ನೂ ಕೇಳಿಸಬೇಕು.