ಗೋಡೆಗೆ ಬಾಯಿ ಬಂತು!

ಕಟ್ಟಡವೊಂದು ‘ನಾನು’ ಎನ್ನುತ್ತಿದೆ! ಪರದೆಯ ಮೇಲೆ ಬರ್ಲಿನ್ನಿನ ಫಿಲ್‌ಹಾರ್ಮೋನಿ ಸಂಗೀತ ಸಭಾಂಗಣ ಹೆಣ್ಣುದನಿಯಲ್ಲಿ ತನ್ನ ಕತೆ ತಾನೇ ಹೇಳಿಕೊಳ್ಳುತ್ತಿದೆ. ಯಾರು ಕಟ್ಟಿದರು, ಆಗ ಹೊರಗೆ ಏನಾಗುತ್ತಿತ್ತು, ದಿನವೂ ಒಳಗೆ ಬರುವವರು ಯಾರು ಎಂದೆಲ್ಲ ಹೇಳುತ್ತ ಹೋಗುತ್ತದೆ. ಗೋಡೆಗೂ ಕಿವಿಯಿದೆ ಎಂಬ ಮಾತು ಕೇಳಿಕೊಂಡೇ ಬೆಳೆದವರು ನಾವು. ಅದಕ್ಕೆ ಬಾಯಿಯೂ ಬಂದರೆ ಏನೇನು ಹೊರಬಿದ್ದೀತು ಎಂದು ತೋರಿಸಿಕೊಟ್ಟದ್ದು ‘ಕೆಥೆಡ್ರಲ್ಸ್ ಆಫ್ ಕಲ್ಚರ್’ ಎಂಬ ಸಾಕ್ಷ್ಯಚಿತ್ರ ಸರಣಿ. 2014ರ ಫೆಬ್ರುವರಿಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡಿತು. ಜರ್ಮನಿಯ ವಿಮ್ ವೆಂಡರ್ಸ್ ಸೇರಿ ಆರು ನಿರ್ದೇಶಕರು, ಆರು ಕಟ್ಟಡಗಳು, ಒಂದೊಂದಕ್ಕೂ ಅರ್ಧ ಗಂಟೆಗಿಂತ ಕಡಿಮೆ ಹೊತ್ತು. ಎಲ್ಲವೂ 3ಡಿಯಲ್ಲಿ! ಆ ತಂತ್ರ ಇಲ್ಲಿ ಕಣ್ಣಿಗೆ ಬಾಣ ಬಿಡುವುದಕ್ಕಲ್ಲ, ಗೋಡೆಗೂ ಗೋಡೆಗೂ ನಡುವಿನ ಜಾಗವನ್ನು ಮೈಗೆ ತಾಕಿಸುವುದಕ್ಕೆ.

ವೆಂಡರ್ಸ್ ತಮಗೆ ಆರಿಸಿಕೊಂಡದ್ದು ಫಿಲ್‌ಹಾರ್ಮೋನಿ. ಅಲ್ಲಿಯವರೆಗೆ ವಾದ್ಯವೃಂದ ಒಂದು ತುದಿಯಲ್ಲಿ, ಕೇಳುಗರು ಅದಕ್ಕೆದುರಾಗಿ ಸಾಲುಸಾಲಾಗಿ ಕೂರುವುದು ವಾಡಿಕೆಯಾಗಿತ್ತು. ವಾಸ್ತುಶಿಲ್ಪಿ ಹಾನ್ಸ್ ಶರೂನ್ ಸಂಗೀತಗಾರರನ್ನು ತಂದು ಹೆಚ್ಚುಕಡಿಮೆ ನಟ್ಟನಡುವೆ ಕೂರಿಸಿದರು! ಸುತ್ತ ಎತ್ತರ ತಗ್ಗಿನ ಜಗಲಿಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಆಸನಗಳು. ವಾದ್ಯವೃಂದದ ಹಿಂದೆ ಕೂತವರಿಗೆ ಸಂಗೀತ ನಿರ್ದೇಶಕನ ಮುಖವೇ ಕಾಣುತ್ತದೆ. ಕೆಲಸ ಶುರುವಾದದ್ದು 1960ರಲ್ಲಿ. ಮರುವರ್ಷ ಆಗಸ್ಟಿನಲ್ಲಿ ಕೂಗಳತೆಯ ದೂರದಲ್ಲೇ ಬರ್ಲಿನ್ ಗೋಡೆ ಎದ್ದಿತು. ಒಂದು ಊರನ್ನು ಎರಡಾಗಿ ಸೀಳುವ ಗೋಡೆಯ ಪಕ್ಕದಲ್ಲೇ ಎಲ್ಲರನ್ನೂ ಸುತ್ತ ಕೂರಿಸಿಕೊಳ್ಳುವ ಗೋಡೆಗಳು ಮೇಲೇಳುತ್ತಿದ್ದವು ಎಂದರೆ ನಂಬುತ್ತೀರಾ? 1963ರ ಅಕ್ಟೋಬರ್ 15ರಂದು ಸಂಗೀತ ನಿರ್ದೇಶಕ ಹರ್ಬರ್ಟ್ ಫಾನ್ ಕರಾಯನ್ ಬೆಥೋವನ್ನನ ಒಂಬತ್ತನೆಯ ಸಿಂಫನಿಯೊಂದಿಗೆ ಅದನ್ನು ತೆರೆದರು. ಪಶ್ಚಿಮ ಬರ್ಲಿನ್ನಿನ ಅಂಚಿಗೆ ಬಿದ್ದಿದ್ದ ಆ ಕಟ್ಟಡ, 1989ರಲ್ಲಿ ಗೋಡೆ ಉರುಳಿದ ಮೇಲೆ ಒಂದಾದ ನಗರದ ನಡುಮನೆಗೆ ಬಂದು ಸೇರಿತು. ತಾನು ಮಾತ್ರ ಇದ್ದಲ್ಲೇ ಇತ್ತು!

ಇನ್ನೊಂದು ಸೋಜಿಗ. ವೆಂಡರ್ಸ್ 1987ರಲ್ಲಿ ತೆಗೆದ ‘ವಿಂಗ್ಸ್ ಆಫ್ ಡಿಸೈರ್’ ಚಿತ್ರದಲ್ಲಿ ದೇವದೂತರು ಓದುಗರ ಮನಸ್ಸಿನ ಮಾತು ಕೇಳುತ್ತ ಸುಳಿದಾಡುವ ಗ್ರಂಥಾಲಯ ಇದೇ ಬೀದಿಯ ಆಚೆ ಬದಿಯಲ್ಲಿದೆ. ಅದೂ ಶರೂನರ ಕೈಯದೇ. ಅಂದು ಗ್ರಂಥಾಲಯದೊಳಗೆ ಮನುಷ್ಯರ ಮನಸ್ಸನ್ನು ಆಲಿಸಿದ ನಿರ್ದೇಶಕ, ಎರಡೂವರೆ ದಶಕದ ಮೇಲೆ ರಸ್ತೆ ದಾಟಿ ಬಂದು ಕಟ್ಟಡದ ಮನಸ್ಸನ್ನೇ ಆಲಿಸಿದ್ದಾರೆ.

ಆದರೆ ನನ್ನ ಉಸಿರು ಹಿಡಿದು ನಿಲ್ಲಿಸಿದ್ದು ಒಂದು ಜೈಲು. ಹೌದು, ಸಂಸ್ಕೃತಿಯ ಮಹಾಮಂದಿರಗಳ ನಡುವೆ ಜೈಲು! ನಾರ್ವೆಯ ಹಾಲ್ಡೆನ್ ಸೆರೆಮನೆ ಬಾಗಿಲು ತೆರೆದದ್ದು 2010ರಲ್ಲಿ. ಕೊಲೆಯಂಥ ಘೋರ ಅಪರಾಧ ಮಾಡಿದವರೂ ಅಲ್ಲಿದ್ದಾರೆ. ಸುತ್ತ ಆರು ಮೀಟರ್ ಎತ್ತರದ ಗೋಡೆಯೂ ಇದೆ. ಒಳಹೊಕ್ಕರೆ ಕಿಟಕಿಗಳಿಗೆ ಸರಳುಗಳೇ ಇಲ್ಲ. ಮರಗಳನ್ನು ಕಡಿಯದೆ ಉಳಿಸಿಕೊಂಡ ಆವರಣ, ಕೈದಿಗಳು ತಾವೇ ಅಡುಗೆ ಮಾಡಿಕೊಳ್ಳುವ ಹಂಚಿಕೆಯ ಅಡುಗೆಮನೆ, ಹಾಡು ಮುದ್ರಿಸುವ ಸ್ಟುಡಿಯೊ, ಮಕ್ಕಳು ಬಂದರೆ ಕುಟುಂಬದೊಂದಿಗೆ ತಂಗಲು ಒಂದು ಪುಟ್ಟ ಮನೆ! ಶಿಕ್ಷೆಯೆಂದರೆ ಸ್ವಾತಂತ್ರ್ಯ ಕಳೆದುಕೊಳ್ಳುವುದು, ಅಷ್ಟೇ; ಅದರ ಮೇಲೆ ಅವಮಾನದ ಹೊರೆ ಬೇಡ ಎಂಬುದು ಆ ದೇಶದ ನಿಲುವು. ಡೆನ್ಮಾರ್ಕಿನ ಮೈಕೆಲ್ ಮ್ಯಾಡ್ಸೆನ್ ಕ್ಯಾಮೆರಾ ಹಿಡಿದು ಆ ಓಣಿಗಳಲ್ಲಿ ನಿಧಾನವಾಗಿ ನಡೆಯುತ್ತಾರೆ. ಒಂದು ಸಮಾಜ ತಾನು ಅತ್ಯಂತ ದ್ವೇಷಿಸುವವನಿಗೆ ಎಂಥ ಕಿಟಕಿ ಇಟ್ಟಿದೆ ಎಂದು ನೋಡಿದರೆ ಆ ಸಮಾಜವೇ ಕಾಣುತ್ತದೆಯಲ್ಲ! ಇದನ್ನು ನನಗೆ ಯಾವ ಗ್ರಂಥವೂ ಇಷ್ಟು ನೇರವಾಗಿ ಹೇಳಿರಲಿಲ್ಲ.

ಕ್ಯಾಲಿಫೋರ್ನಿಯದ ಲಾ ಹೊಯಾದಲ್ಲಿರುವ ಸಾಲ್ಕ್ ಸಂಸ್ಥೆಗೆ ಬರೋಣ. ಪೋಲಿಯೊ ಲಸಿಕೆ ಕಂಡುಹಿಡಿದ, ಅದಕ್ಕೆ ಪೇಟೆಂಟ್ ಪಡೆಯದ ಜೋನಸ್ ಸಾಲ್ಕ್ ಕಟ್ಟಿಸಿದ ಸಂಶೋಧನಾಲಯ ಅದು. ಚಿತ್ರಿಸಿದವರು ಹಾಲಿವುಡ್ಡಿನ ರಾಬರ್ಟ್ ರೆಡ್‌ಫರ್ಡ್. ಎಳವೆಯಲ್ಲಿ ಸ್ವತಃ ಪೋಲಿಯೊ ತಾಗಿ ಚೇತರಿಸಿಕೊಂಡವರು. ಪಿಕಾಸೊನನ್ನು ಕರೆಸಬಹುದಾದಂಥ ಪ್ರಯೋಗಾಲಯ ಬೇಕು ಎಂದು ಸಾಲ್ಕ್ ಕೇಳಿದರಂತೆ. ವಾಸ್ತುಶಿಲ್ಪಿ ಲೂಯಿ ಕಾನ್ ಕೊಟ್ಟರು! ಪ್ರಯೋಗಾಲಯದೊಳಗೆ ಒಂದು ಕಂಬವೂ ಅಡ್ಡ ಬರುವುದಿಲ್ಲ. ಕೊಳವೆಗಳಿಗೆಂದೇ ಪ್ರತಿ ಪ್ರಯೋಗಾಲಯದ ಮೇಲೊಂದು ಪೂರ್ಣ ಅಂತಸ್ತು ಇರುವುದರಿಂದ ವಿಜ್ಞಾನ ಬದಲಾದಂತೆ ಕೋಣೆಗಳನ್ನೂ ಬದಲಿಸಿಕೊಳ್ಳಬಹುದು. ವಿಜ್ಞಾನಿಗಳ ಓದುಕೋಣೆಗಳು ಓರೆಯಾಗಿ ತಿರುಗಿ ಸಮುದ್ರ ನೋಡುತ್ತವೆ. ನಡುವಿನ ಅಂಗಳದಲ್ಲಿ ತೋಟ ಮಾಡುವ ಯೋಚನೆಯಿತ್ತು. ಮೆಕ್ಸಿಕೊದ ವಾಸ್ತುಶಿಲ್ಪಿ ಲೂಯಿಸ್ ಬರಗಾನ್ ಬಂದು ನೋಡಿ, ಇಲ್ಲಿ ಒಂದು ಎಲೆಯೂ ಬೇಡ, ಆಕಾಶಕ್ಕೆ ತೆರೆದಿಡಿ ಎಂದರು. ಹಾಗಾಗಿ ಬರಿಯ ಕಲ್ಲುಹಾಸು, ಅದರ ನಡುವೆ ಪೆಸಿಫಿಕ್ ಸಾಗರದತ್ತ ಹರಿಯುವ ತೆಳುವಾದ ಒಂದು ನೀರಗೆರೆ. ಹಗಲಿರುಳು ಸಮವಾಗುವ ದಿನಗಳಲ್ಲಿ ಸೂರ್ಯ ಆ ಗೆರೆಯ ನೇರಕ್ಕೇ ಮುಳುಗುತ್ತಾನೆ!

ಈ ಕಾನ್ ನಮಗೆ ಪರಕೀಯರಲ್ಲ. ಕಾನ್ ಅವರನ್ನು ಭಾರತಕ್ಕೆ ಕರೆತಂದವರು ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ. ಕಾನ್ ಕೈಯಲ್ಲಿ ಅಹಮದಾಬಾದಿನ ಐಐಎಂ ಇಟ್ಟಿಗೆಯ ಕಮಾನುಗಳಲ್ಲಿ ಎದ್ದು ನಿಂತಿತು. ಅಲ್ಲಿಂದ ಮರಳುವಾಗಲೇ, 1974ರ ಮಾರ್ಚಿನಲ್ಲಿ, ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ಕಾನ್ ಕುಸಿದು ತೀರಿಕೊಂಡರು. ಕಾನ್ ಜೊತೆ ದುಡಿದ ಅದೇ ದೋಶಿ ಮುಂದೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಇಲ್ಲಿಯದೇ ಬೂದುಗಲ್ಲಿನಲ್ಲಿ ಇನ್ನೊಂದು ಐಐಎಂ ಕಟ್ಟಿದರು. ‘3 ಈಡಿಯಟ್ಸ್’ ಚಿತ್ರದಲ್ಲಿ ನೀವು ಕಂಡ ಕಾಲೇಜು ಅದೇ. ಬಿಸಿಲು, ಬಳ್ಳಿ, ಮಳೆಗೆ ಅರೆತೆರೆದ ಆ ಉದ್ದುದ್ದ ಓಣಿಗಳಿಗೂ ಅಲ್ಲಿ ಸಾಗರದತ್ತ ತೆರೆದ ಆ ಅಂಗಳಕ್ಕೂ ನಂಟಿದೆ. ಪಾಠ ಕೋಣೆಯೊಳಗಷ್ಟೇ ನಡೆಯುವುದಿಲ್ಲ, ಕೋಣೆಯಿಂದ ಕೋಣೆಗೆ ಹೋಗುವ ದಾರಿಯಲ್ಲೂ ನಡೆಯುತ್ತದೆ ಎಂಬ ಅರಿವು ಎರಡರಲ್ಲೂ ಒಂದೇ.

ಉಳಿದ ಮೂರು ಚಿತ್ರಗಳೂ ಚೆಲುವಾಗಿವೆ. 2008ರಲ್ಲಿ ತೆರೆದ ಓಸ್ಲೊ ಒಪೆರಾದ ಬಿಳಿ ಅಮೃತಶಿಲೆಯ ಮಾಡು ನೀರಿನವರೆಗೂ ಇಳಿದು ಬಂದು ದಾರಿಹೋಕರನ್ನೆಲ್ಲ ಮೇಲೆ ಹತ್ತಿಸಿಕೊಳ್ಳುತ್ತದೆ. ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರ 1977ರಿಂದಲೂ ಅಂಗಿಯನ್ನು ಒಳಮೈ ಹೊರಗೆ ಮಾಡಿ ತೊಟ್ಟಂತೆ ನಿಂತಿದೆ: ಗಾಳಿಗೆ ನೀಲಿ, ನೀರಿಗೆ ಹಸಿರು, ವಿದ್ಯುತ್ತಿಗೆ ಹಳದಿ ಕೊಳವೆ, ಎಲ್ಲವೂ ಬೀದಿಗೆ ಕಾಣುವಂತೆ. ಸೇಂಟ್ ಪೀಟರ್ಸ್‌ಬರ್ಗಿನ ರಾಷ್ಟ್ರೀಯ ಗ್ರಂಥಾಲಯ ಮಹಾರಾಣಿ ಕ್ಯಾಥರೀನ್ 1795ರಲ್ಲಿ ಸ್ಥಾಪಿಸಿದ್ದು; ಅಲ್ಲಿ ಕಟ್ಟಡದ ಬದಲು ಪುಸ್ತಕಗಳೇ ಮಾತಾಡುತ್ತವೆ. ಅದನ್ನು ಚಿತ್ರಿಸಿದ ಆಸ್ಟ್ರಿಯಾದ ಮೈಕೆಲ್ ಗ್ಲಾವೊಗರ್, ಸರಣಿ ತೆರೆಕಂಡ ಎರಡೇ ತಿಂಗಳಲ್ಲಿ ಲೈಬೀರಿಯದಲ್ಲಿ ಮಲೇರಿಯಾಕ್ಕೆ ಬಲಿಯಾದರು.

ಆರರಲ್ಲಿ ಒಂದನ್ನೇ ನೋಡಲು ಬಿಡುವಿದ್ದರೆ ಹಾಲ್ಡೆನ್ ನೋಡಿ. ಕ್ಯಾಮೆರಾ ಹಿಡಿದಿರುವ ಕನ್ನಡದ ಗೆಳೆಯ ಗೆಳತಿಯರಲ್ಲಿ ನನ್ನದೊಂದು ಕೋರಿಕೆ: ನಮ್ಮ ಗೋಡೆಗಳಿಗೂ ಬಾಯಿ ಕೊಡಿ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಲು ಹೊರಟ, 1956ರಲ್ಲಿ ಪೂರ್ತಿಯಾದ ನಮ್ಮ ವಿಧಾನಸೌಧಕ್ಕೆ ಸಾವಿರಾರು ಕೂಲಿಯಾಳುಗಳು ದುಡಿದಿದ್ದಾರೆ, ಅವರಲ್ಲಿ ಸೆರೆಮನೆಯ ಕೈದಿಗಳೂ ಇದ್ದರು. ಅಂದು ಇಪ್ಪತ್ತರ ಹರೆಯದಲ್ಲಿ ಕಲ್ಲು ಹೊತ್ತವರು ಇಂದು ತೊಂಬತ್ತರ ಸುತ್ತಮುತ್ತ ಇರುತ್ತಾರೆ. ತಡಮಾಡಬೇಡಿ, ಅವರನ್ನು ಹುಡುಕಿ ಹೊರಡಿ.